ಎಣ್ಣೆ ಹಚ್ಚಿದ ಸ್ಟೆಪ್ನಿ

ಚಚಡಿ ಊರು ದಾಟುತ್ತಲೇ ನಾವು ಹತ್ತಿದ್ದ ಸಣ್ಣ ಲಾರಿಯ ಟೈರು ಒಡೆಯಿತು. ಸವದತ್ತಿಯಲ್ಲಿ ತಂಗಿಯ ಮದುವೆ; ಅವಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತು ಹತ್ತಿರ ಬಂದಿತ್ತು. ಡ್ರೈವರ್ ಮಕ್ತುಮಸಾಬರು ಮಾತ್ರ ನಿಶ್ಚಿಂತೆಯಿಂದ ಬದಲಿ ಗಾಲಿ, ಸ್ಟೆಪ್ನಿ, ಇಳಿಸಿದರು. ಅದರ ರಬ್ಬರು ನೆನೆದ ರೊಟ್ಟಿಯಂತೆ ಮೆತ್ತಗಾಗಿತ್ತು; ಒತ್ತಿದರೆ ಬೆರಳು ಒಳಗಿಳಿಯುತ್ತಿತ್ತು.

"ಇದಕ್ಕೇನ್ ಮಾಡೀರಿ?"

"ವಾರಾ ವಾರಾ ಕುಸುಬಿ ಎಣ್ಣಿ ತಿಕ್ಕೇನ್ರಿ. ಬಾವಿ ನೀರೆತ್ತೊ ತೊಗಲಿನ ಚೀಲಕ್ಕ ಹಚ್ಚತೇವಲ್ರಿ, ಹಂಗ."

ನನಗೆ ತಲೆ ಕೆಟ್ಟಿತು. "ಸಾಬರ, ಅದು ತೊಗಲು, ಇದು ರಬ್ಬರು. ಎಣ್ಣಿ ಹಚ್ಚೇ ಇದು ಕೆಟ್ಟೈತಿ."

ಜೊತೆಗಿದ್ದ ಮುದುಕರೊಬ್ಬರು ಗಾಲಿ ಹಿಚುಕಿ ನೋಡಿ, "ಎಣ್ಣಿ ಕಡಿಮಿ ಬಿದ್ದೈತಿ" ಎಂದು ತಮ್ಮ ಎಣ್ಣೆಯ ಗಿಂಡಿಯ ಬಾಯಿ ಬಿಚ್ಚಿದರು.

ಸಾಬರು ನನ್ನ ಕೈಗೊಂದು ಅರಿವೆಯ ಚೂರು ಕೊಟ್ಟರು.

"ನಿಮಗ ಅವಸರ ಐತಲ್ರಿ ರಾಯರ, ನೀವೂ ತಿಕ್ಕರಿ."