ದಾರಿ ತಪ್ಪೋಕೆ ಸಾಧ್ಯವೇ ಇಲ್ಲ

ನಮ್ಮ ಕೋಸ್ಟಾರಿಕಾದ ಜನಕ್ಕೆ ಬಾಯಿಗೆ ಬಾರದ ಮಾತು ಒಂದೇ ಒಂದು: ಗೊತ್ತಿಲ್ಲ. ಯಾರಾದರೂ ಕಾರು ನಿಲ್ಲಿಸಿ ದಾರಿ ಕೇಳಿದರೆ ಅವರ ಮುಖ ಸಣ್ಣಗಾಗುವುದನ್ನು ನೋಡುವ ಶಕ್ತಿ ನಮಗಿಲ್ಲ. ಹಾಗಾಗಿ ಏನಾದರೂ ಒಂದು ಹೇಳಿ ಕಳಿಸುತ್ತೇವೆ. ಅವರು ನಗುತ್ತ ಹೋಗುತ್ತಾರೆ, ನಾವು ನಗುತ್ತ ಕೈ ಬೀಸುತ್ತೇವೆ. ಮುಂದೆ ಅವರು ಎಲ್ಲಿ ಹೋಗಿ ಸಿಕ್ಕಿಹಾಕಿಕೊಂಡರು ಎಂದು ವಿಚಾರಿಸುವ ಕೆಟ್ಟ ಅಭ್ಯಾಸ ನಮಗಿಲ್ಲ. ಈ ವಿದ್ಯೆಯಲ್ಲಿ ನಮ್ಮೆಲ್ಲರ ಗುರು ಎಂದರೆ ಹೊಕೋತೆ ಕೂಡುರಸ್ತೆಯ ತಿಬುರ್ಸಿಯೊ.

ಮಾವಿನ ಮರದ ಕೆಳಗೆ ತಗಡಿನ ಚಪ್ಪರ, ರಾಶಿ ಎಳನೀರು, ಕೈಯಲ್ಲಿ ಮಚ್ಚು, ಪಕ್ಕದ ಸ್ಟೂಲಿನ ಮೇಲೆ ಹೆಂಡತಿ ಎತೆಲ್ವಿನಾ. ಇದು ಅವನ ಅಂಗಡಿ. ಮಳೆ ನಿಂತು ಬೇಸಿಗೆ ಶುರುವಾಯಿತೆಂದರೆ ಬೆಟ್ಟದ ಮೇಲಿನ ಊರುಗಳ ಜನ ಮಂಚ, ಪಾತ್ರೆ, ಅಜ್ಜಿ ಸಮೇತ ಕಡಲ ಕಡೆಗೆ ಇಳಿಯುತ್ತಾರೆ. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಂತೂ ದೇಶಕ್ಕೆ ದೇಶವೇ ಮರಳಿನ ಮೇಲೆ ಬಿದ್ದಿರುತ್ತದೆ. ಹೊಕೋತೆಯಲ್ಲಿ ರಸ್ತೆ ಎರಡಾಗುತ್ತಿದ್ದುದರಿಂದ ಎಲ್ಲರೂ ಅಲ್ಲಿ ನಿಂತು, ಎಳನೀರು ಕುಡಿದು, ಒಂದೇ ಪ್ರಶ್ನೆ ಕೇಳುತ್ತಿದ್ದರು: ಪಲೋಮಾ ತೀರಕ್ಕೆ ಹೇಗೆ ಹೋಗೋದು?

"ಬಲಕ್ಕೆ ತಿರುಗಿ," ಎನ್ನುತ್ತಿದ್ದ ತಿಬುರ್ಸಿಯೊ. "ದೊಡ್ಡ ಗ್ವಾನಾಕಾಸ್ತೆ ಮರ ಇತ್ತಲ್ಲ, ಬಿದ್ದೋಯ್ತು, ಅಲ್ಲಿಂದ ಕೆಳಗಡೆ. ಆಮೇಲೆ ಹಂದಿ ವ್ಯಾಪಾರಿ ಮನೆ ಇದ್ದ ಜಾಗ. ಅಲ್ಲಿಂದ ನೇರ. ದಾರಿ ತಪ್ಪೋಕೆ ಸಾಧ್ಯವೇ ಇಲ್ಲ."

ಪಲೋಮಾವನ್ನು ಅವನು ಕಣ್ಣಿಂದ ನೋಡಿರಲಿಲ್ಲ. ಪಲೋಮಾ ಹಾಗಿರಲಿ, ಯಾವ ಕಡಲನ್ನೂ ನೋಡಿರಲಿಲ್ಲ. ದೇಶವೆಲ್ಲ ಕಡಲಿಗೆ ಹೋಗುವ ಕಾಲದಲ್ಲೇ ಅವನ ಅಂಗಡಿಗೆ ಸುಗ್ಗಿ. ಮಿಕ್ಕ ಕಾಲದಲ್ಲಿ ಮಳೆ. ಮೊದಲ ಬಾರಿ ಯಾರೋ ದಾರಿ ಕೇಳಿದಾಗ ಮಚ್ಚು ಬಲಗೈಯಲ್ಲಿತ್ತು, ಆದ್ದರಿಂದ ಬಲಕ್ಕೆ ತೋರಿಸಿದ. ಆ ಮೇಲೆ ಕೊಟ್ಟ ಮಾತಿಗೆ ತಪ್ಪಬಾರದೆಂದು ಅದನ್ನೇ ತೋರಿಸುತ್ತ ಬಂದ. ತಪ್ಪು ಎಂದು ಹೇಳಲು ಯಾರೂ ವಾಪಸ್ ಬರಲಿಲ್ಲ. ಬಲಕ್ಕೆ ಹೋದವರು ಆ ದಾರಿಯಲ್ಲಿ ಇನ್ನೊಮ್ಮೆ ಬರುವಷ್ಟು ದಡ್ಡರಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಎಡಚನಾಗಿ ಹುಟ್ಟಿದ್ದರೆ ಅರ್ಧ ದೇಶ ಬೇರೆಲ್ಲೋ ರಜೆ ಕಳೆಯುತ್ತಿತ್ತು ಎಂದು ಒಬ್ಬನೇ ಇದ್ದಾಗ ನಗುತ್ತಿದ್ದ. ತನ್ನ ಹೊಟ್ಟೆ, ತನ್ನ ಗೊರಕೆ, ತನ್ನ ಹಾಡು ಎಲ್ಲವನ್ನೂ ಎಲ್ಲರೆದುರು ಆಡಿಕೊಂಡು ನಗುವ ಮನುಷ್ಯ ಅವನು. ಈ ಒಂದು ನಗೆಯನ್ನು ಮಾತ್ರ ಹೆಂಡತಿಯಿಂದ ಮುಚ್ಚಿಟ್ಟಿದ್ದ. ಯಾಕೆಂದರೆ ಅವಳನ್ನು ಮದುವೆಗೆ ಒಪ್ಪಿಸುವ ದಿನಗಳಲ್ಲಿ, ತಾನು ಪಲೋಮಾದಲ್ಲಿ ಆಚೆ ಬಂಡೆಯವರೆಗೆ ಈಜಿ ಬಂದವನು ಎಂದು ಕೊಚ್ಚಿಕೊಂಡಿದ್ದ.

ಈ ಬೇಸಿಗೆಯ ಹೊತ್ತಿಗೆ ಹೊಸ ಹೆದ್ದಾರಿ ತೆರೆಯಿತು. ಅದು ಹೊಕೋತೆಯನ್ನು ಮೂಸಿಯೂ ನೋಡದೆ ನೇರ ಕಡಲಿಗೆ ಹೋಗುತ್ತದೆ. ಪವಿತ್ರ ವಾರ ಬಂದರೂ ಚಪ್ಪರದ ಮುಂದೆ ಒಂದು ಕಾರಿಲ್ಲ. ಗಂಡ ಹೆಂಡತಿ ನೊಣ ಹೊಡೆಯುತ್ತ ಕೂತಿದ್ದರು.

"ಮುದುಕ," ಎಂದಳು ಎತೆಲ್ವಿನಾ, "ನಾಳೆ ಗುರುವಾರ. ನನ್ನನ್ನ ಸಮುದ್ರಕ್ಕೆ ಕರ್ಕೊಂಡು ಹೋಗು. ಪಲೋಮಾಕ್ಕೆ."

"ನಾಳೆನೇ? ಶುಕ್ರವಾರ ಹೋದ್ರಾಯ್ತು."

"ಶುಭ ಶುಕ್ರವಾರ ಸಮುದ್ರಕ್ಕೆ ಇಳಿದೋರು ಮೀನಾಗ್ತಾರೆ. ನಿಮ್ಮಮ್ಮನೇ ಹೇಳ್ತಿದ್ರು."

"ಮೀನಾದ್ರೆ ಮಂಡಿನೋವಾದ್ರೂ ಹೋಗುತ್ತೆ."

ಅವಳು ನಗಲಿಲ್ಲ. ಊದಿದ ಮಂಡಿಯ ಮೇಲೆ ಕೈಯಿಟ್ಟುಕೊಂಡು ಖಾಲಿ ರಸ್ತೆ ನೋಡುತ್ತಿದ್ದಳು. "ಈ ವರ್ಷ ಹ್ಯಾಗೋ ಬಸ್ಸು ಹತ್ತುತ್ತೆ ಈ ಮಂಡಿ. ಮುಂದಿನ ಬೇಸಿಗೆಗೆ ಹತ್ತೋಲ್ಲ. ಒಂದು ಸಲ ಆ ನೀರಲ್ಲಿ ನಿಂತ್ಕೋಬೇಕು. ಇಷ್ಟು ಜನಕ್ಕೆ ದಾರಿ ಹೇಳ್ದೆ, ನನಗೊಂದು ಸಲ ತೋರ್ಸು."

ಗೊತ್ತಿಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ತಿಬುರ್ಸಿಯೊ ಬಾಯಿ ತೆರೆದ. "ಅದಕ್ಕೇನಂತೆ, ಹೋಗೋಣ," ಎಂದಿತು ಅವನ ಬಾಯಿ.

ಮರುದಿನ ಅವಳು ಚರ್ಚಿಗೆ ಹಾಕುವ ನೀಲಿ ನಿಲುವಂಗಿ ತೊಟ್ಟು, ಕುಂಬಳದಂಥ ಚಿವೆರ್ರೆ ಕಾಯಿಯನ್ನು ಬೆಲ್ಲದಲ್ಲಿ ಬೇಯಿಸಿ ತುಂಬಿದ ಕಡುಬುಗಳನ್ನು ಬುಟ್ಟಿಗೆ ಹಾಕಿಕೊಂಡು ಹೊರಟಳು. ತಿಬುರ್ಸಿಯೊಗೆ ಒಂದೇ ಆಸೆ ಉಳಿದಿತ್ತು: ಬಸ್ಸಿನ ಡ್ರೈವರಿಗಾದರೂ ಗೊತ್ತಿರುತ್ತದೆ.

"ಬಸ್ಸು ಪಲೋಮಾಕ್ಕೆ ಹೋಗುತ್ತಾ ಅಪ್ಪ?" ಎಂದು ಕೇಳಿದ.

ಡ್ರೈವರು ಅವನ ಮುಖ ನೋಡಿ, ಮುದುಕಿಯ ನೀಲಿ ಅಂಗಿ ನೋಡಿ, ಕೆನ್ನೆ ಕೆರೆದುಕೊಂಡ. "ನೀವು ಯಾವ ಕಡೆಯಿಂದ ಹೋಗೋರು, ದೊನ್?"

"ಬಲಕ್ಕೆ. ಹಂದಿ ವ್ಯಾಪಾರಿ ಮನೆ ಇದ್ದ ಕಡೆಯಿಂದ."

"ಹಾಗಾದ್ರೆ ಹೋಗುತ್ತೆ, ಹತ್ತಿ."

ಆ ಮಾತಿನ ಧಾಟಿ ಎಲ್ಲೋ ಕೇಳಿದಂತಿದೆಯಲ್ಲ ಎನಿಸಿತು ತಿಬುರ್ಸಿಯೊಗೆ. ಬಸ್ಸು ಹೋಗಿ ಹೋಗಿ, ಟಾರು ಮುಗಿದು, ಮಣ್ಣು ರಸ್ತೆಯೂ ಮುಗಿದಲ್ಲಿ ಅವರನ್ನು ಇಳಿಸಿತು. ಸಂಜೆ ವಾಪಸ್ ಬರ್ತೀನಿ ಎಂದ ಡ್ರೈವರು. ಸುತ್ತ ದನದ ಹುಲ್ಲುಗಾವಲು, ನೆತ್ತಿಯ ಮೇಲೆ ಬಿಸಿಲು. ಬೇಲಿ ಕಟ್ಟುತ್ತಿದ್ದ ಒಬ್ಬ ಕಂಡ. ತಿಬುರ್ಸಿಯೊ ಹೆಂಡತಿಗೆ ಕೇಳಿಸದ ಹಾಗೆ ಹತ್ತಿರ ಹೋಗಿ ವಿಚಾರಿಸಿದ.

"ಪಲೋಮಾ? ಇಲ್ಲೇ ಮುಂದೆ," ಎಂದು ಆತ ಸುತ್ತಿಗೆ ಹಿಡಿದ ಕೈಯನ್ನೇ ಎತ್ತಿ ತೋರಿಸಿದ.

"ಎಷ್ಟು ದೂರ?"

"ಇಲ್ಲೇ. ನೇರ ಹೋಗಿ. ತಪ್ಪೋ ಮಾತೇ ಇಲ್ಲ." ಆತ ತುಂಬ ಪ್ರೀತಿಯಿಂದ ನಕ್ಕ.

ಈ ಮನುಷ್ಯನಿಗೆ ಏನೇನೂ ಗೊತ್ತಿಲ್ಲ ಎಂದು ತಿಬುರ್ಸಿಯೊಗೆ ಆ ಕ್ಷಣವೇ ತಿಳಿಯಿತು. ಆ ಸುತ್ತಿಗೆ, ಆ ನಗು, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ ಹಾಗಾಯಿತು. ಹೊಟ್ಟೆ ತುಂಬ ಎಳನೀರು, ಕಾರಿನ ತುಂಬ ಮಕ್ಕಳು, ತನ್ನ ಮಾತು ನಂಬಿ ಇಲ್ಲಿಗೆ ಬಂದು ನಿಂತ ಜನ ಎಷ್ಟೋ. ಎಂಥ ನೀಚ ನಾನು ಎಂದುಕೊಂಡ. ಆದರೂ ಆ ಮನುಷ್ಯನಿಗೆ ಕೈಮುಗಿದು ಥ್ಯಾಂಕ್ಸ್ ಹೇಳಿದ. ಅದೂ ನಮ್ಮ ಅಭ್ಯಾಸವೇ.

ಎತೆಲ್ವಿನಾ ಮಂಡಿ ಹಿಡಿದುಕೊಂಡು, ನಿಂತು ನಿಂತು ನಡೆದಳು. ಒಂದು ಸಲವೂ ಗೊಣಗಲಿಲ್ಲ. ಅದೇ ಅವನಿಗೆ ಇನ್ನೂ ಕಷ್ಟವಾಯಿತು. ಕೊನೆಗೆ ಕಾಂಡ್ಲಾ ಮರಗಳ ಸಾಲು ಬಂತು, ಅದನ್ನು ದಾಟಿದರೆ ಬಯಲು. ಬಯಲೆಂದರೆ ಕೆಸರು. ಕಣ್ಣು ಹಾಯುವವರೆಗೆ ಕಂದು ಕೆಸರು, ಅದರಲ್ಲಿ ಏಡಿಗಳು, ನಡುವೆ ತೆಳ್ಳಗೆ ಒಂದು ಕಾಲುವೆ. ದಡದಲ್ಲಿ ತೆಂಗಿನ ಗರಿಯ ಸಣ್ಣ ಹೋಟೆಲು, ಅದರ ಕಂಬಕ್ಕೆ ಕೈಬರಹದ ಹಲಗೆ: "ಇದು ಪಲೋಮಾ ಅಲ್ಲ. ಊಟ ಇದೆ."

ತಿಬುರ್ಸಿಯೊ ಎರಡು ಹೆಜ್ಜೆ ಓಡಿ ಆ ಹಲಗೆಗೆ ಬೆನ್ನು ಕೊಟ್ಟು ನಿಂತ. ಸಾಲದೆಂದು ಟೊಪ್ಪಿಗೆ ತೆಗೆದು ಬೆನ್ನ ಹಿಂದೆ ಅಡ್ಡ ಹಿಡಿದ.

ಎತೆಲ್ವಿನಾ ಬಂದಳು. ಚಪ್ಪಲಿ ಆಗಲೇ ಕೈಯಲ್ಲಿತ್ತು. ಕೆಸರನ್ನು ನೋಡಿದಳು, ಗಂಡನನ್ನು ನೋಡಿದಳು. "ಇದೇನಾ?"

ಹೌದು ಎಂದರೆ ಮುಗಿಯಿತು. ಅವಳು ಕಡಲು ಕಂಡವಳಲ್ಲ. ಇದೇ ಕಡಲು, ಇವತ್ತು ಸ್ವಲ್ಪ ಒಣಗಿದೆ ಎಂದರೂ ನಡೆದೀತು. ಜೀವಮಾನವಿಡೀ ಆಡಿದ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಆದರೆ ಆ ಚಪ್ಪಲಿ ಹಿಡಿದ ಕೈ, ಮಣ್ಣು ಮೆತ್ತಿದ ಆ ಬರಿಗಾಲು ನೋಡಿ ಅವನು ಆ ಮಾತನ್ನು ನುಂಗಿಬಿಟ್ಟ.

"ಅಲ್ಲ," ಎಂದ. "ಇದಲ್ಲ. ಅದು ಎಲ್ಲಿದೆಯೋ ನನಗೆ ಗೊತ್ತಿಲ್ಲ ಮುದುಕಿ. ಯಾವತ್ತೂ ಗೊತ್ತಿರ್ಲಿಲ್ಲ. ನಾನು ಈಜಿಲ್ಲ, ಬಂಡೆ ಕಂಡಿಲ್ಲ, ಏನೂ ಇಲ್ಲ."

"ಪಕ್ಕಕ್ಕೆ ಬಾ," ಎಂದಳು ಎತೆಲ್ವಿನಾ. "ಆ ಬೋರ್ಡು ದೂರದಿಂದ್ಲೇ ಓದ್ಕೊಂಡೆ. ಟೋಪಿ ಹಾಕ್ಕೋ, ನೆತ್ತಿ ಸುಡುತ್ತೆ."

"ನಿನಗೆ ಮೊದ್ಲೇ ಗೊತ್ತಿತ್ತಾ?"

"ನಿನ್ನ ಪಕ್ಕದಲ್ಲೇ ಅಲ್ವಾ ಕೂತಿದ್ದು ನಾನು? ಮಕ್ಕಳ ಜೊತೆ ಬಂದೋರಿಗೆ ನೀನು ಅಲ್ಲಿ ಅಲೆನೇ ಇಲ್ಲ ಅಂತಿದ್ದೆ. ಅಲೆ ಮೇಲೆ ಆಡೋ ಹಲಗೆ ತಂದೋರಿಗೆ ಮನೆ ಎತ್ತರದ ಅಲೆ ಅಂತಿದ್ದೆ. ನೀರು ಮಾತ್ರ ತಣ್ಣಗಿರುತ್ತೆ ಅಂತ ಎಲ್ಲರಿಗೂ ಹೇಳ್ತಿದ್ದೆ. ಅವರೆಲ್ಲ ಕಾರಲ್ಲಿ ಹೊರಟುಹೋಗೋರು, ನಿನಗೇನು? ಒಂದು ಸಲ ನೀನು ಹೇಳಿದ ದಾರೀಲಿ ನೀನೇ ಬಂದು ನೋಡ್ಬೇಕು ಅಂತಿತ್ತು ನನಗೆ." ಅವಳು ಕೆಸರಿನ ಕಡೆ ತಿರುಗಿದಳು. "ಆದ್ರೆ ಸಮುದ್ರದ ಆಸೆ ಸುಳ್ಳಲ್ಲ. ಅಕಸ್ಮಾತ್ ಇದ್ರೂ ಇರಬಹುದು ಅಂದ್ಕೊಂಡೇ ಬಂದೆ."

ತಿಬುರ್ಸಿಯೊಗೆ ಆ ಕೆಸರಿನಲ್ಲಿ ಏಡಿಯಾಗಿ ಹೂತುಹೋಗಬೇಕು ಎನಿಸಿತು.

ಹೋಟೆಲಿನ ಒಳಗಿಂದ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡ ದಪ್ಪ ಹೆಂಗಸು ಬಂದಳು. ಹೆಸರು ಬ್ರಿಹಿದಾ. "ಬನ್ನಿ ಬನ್ನಿ, ನೀವೂ ದಾರಿ ತಪ್ಪಿಸ್ಕೊಂಡು ಬಂದ್ರಾ? ಎಷ್ಟು ದಿನ ಆಯ್ತು ಒಬ್ರು ಬಂದು. ಹೊಕೋತೇಲಿ ಎಳನೀರು ಮಾರೋ ಮುಠ್ಠಾಳ ಒಬ್ಬ ಇದ್ದಾನಂತೆ, ಅವನ ಹೊಟ್ಟೆ ತಣ್ಣಗಿರ್ಲಿ. ಅವನಿಂದ್ಲೇ ಈ ಹೋಟ್ಲು ನಡೀತಿತ್ತು. ಹೊಸ ರಸ್ತೆ ಆದ್ಮೇಲೆ ಯಾರೂ ದಾರಿನೇ ತಪ್ತಿಲ್ಲ, ಹಾಳಾದ್ದು."

"ಮುಠ್ಠಾಳ ಇವರೇ," ಎಂದಳು ಎತೆಲ್ವಿನಾ.

ಬ್ರಿಹಿದಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಅವಳು ಒಳಗೆ ಹೋಗಿ ಒಂದು ತಟ್ಟೆ ತುಂಬ ಅನ್ನ, ಚಿಪ್ಪುಮೀನು ತಂದು ಅವನ ಮುಂದಿಟ್ಟಳು. "ತಿನ್ನಪ್ಪ, ನನ್ನ ಅನ್ನದಾತ," ಎಂದಳು. ಅಷ್ಟು ನಾಚಿಕೆಯಲ್ಲಿ ಅವನು ಯಾವತ್ತೂ ಉಂಡಿರಲಿಲ್ಲ. ಆದರೂ ಎರಡು ಸಲ ಬಡಿಸಿಕೊಂಡ.

"ಪಲೋಮಾಕ್ಕೆ ಈಗ ಹೋಗೋಕಾಗುತ್ತಾ?" ಎಂದು ಎತೆಲ್ವಿನಾ ಕೇಳಿದಳು.

"ಅದು ಕೊಲ್ಲಿಯ ಆಚೆ ದಡ. ಈ ಕಾಲಲ್ಲಿ ಇವತ್ತು ಆಗೋಲ್ಲಮ್ಮ." ಬ್ರಿಹಿದಾ ಒಂದು ಸ್ಟೂಲು ತಂದು ಕೆಸರಿನ ಅಂಚಿಗೆ ಇಟ್ಟಳು. "ನೀವು ಇಲ್ಲಿ ಕೂತಿರಿ. ನೀವೇನೂ ಹೋಗೋದು ಬೇಡ. ಇನ್ನೊಂದು ಸ್ವಲ್ಪ ಹೊತ್ತಿಗೆ ಉಬ್ಬರ ಏರುತ್ತೆ, ಸಮುದ್ರಾನೇ ಇಲ್ಲಿಗೆ ಬರುತ್ತೆ."

ಎತೆಲ್ವಿನಾ ಕೂತಳು. ಮೂವರೂ ಕಡುಬು ತಿನ್ನುತ್ತ ಕಾದರು. ಮೊದಲು ನಡುವಿನ ಕಾಲುವೆ ಅಗಲವಾಯಿತು. ಆಮೇಲೆ ಏಡಿಗಳು ಬಿಲ ಸೇರಿದವು. ಸದ್ದಿಲ್ಲದೆ, ಯಾರೂ ಕರೆಯದೆ, ಬಯಲಿಡೀ ಹೊಳೆಯತೊಡಗಿತು. ನೀರು ಅವಳ ಹೆಬ್ಬೆರಳನ್ನು ಮುಟ್ಟಿದಾಗ ಅವಳು ಕಾಲು ಎಳೆದುಕೊಂಡು ಮತ್ತೆ ಚಾಚಿದಳು. ಪಾದ ಮುಳುಗಿತು. ಕಂಬ ಹಿಡಿದು ಎದ್ದು, ನೀಲಿ ಅಂಗಿ ಎತ್ತಿಕೊಂಡು, ಊದಿದ ಮಂಡಿಯವರೆಗೆ ಇಳಿದು ನಿಂತಳು. ಅಂಗೈಯಲ್ಲಿ ನೀರು ಮೊಗೆದು ನೆಕ್ಕಿ ನೋಡಿದಳು. ಉಪ್ಪು. ಅವಳ ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ಕಾಂಡ್ಲಾ ಮರಗಳ ನಡುವಿನಿಂದ ಒಂದು ಕಾರು ಓಲಾಡುತ್ತ ಬಂದು ನಿಂತಿತು. ಹೊಸದಾಗಿ ಮದುವೆಯಾದ ಜೋಡಿಯಿರಬೇಕು. ಹುಡುಗಿ ಫೋನು ಹಿಡಿದುಕೊಂಡು ಇಳಿದಳು. "ಇದು ಇಲ್ಲಿಗೆ ತಂದು ಬಿಡ್ತು. ದೊನ್, ಪಲೋಮಾಕ್ಕೆ ಹೇಗೆ ಹೋಗೋದು?"

ತಿಬುರ್ಸಿಯೊನ ಬಲಗೈ ತಾನಾಗಿ ಮೇಲೆದ್ದಿತು. ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿದ.

"ನನಗೆ ಗೊತ್ತಿಲ್ಲಮ್ಮ."

ಹುಡುಗಿಯ ಮುಖ ಸಣ್ಣಗಾಯಿತು. ಅವನು ಜೀವಮಾನವಿಡೀ ಹೆದರಿದ್ದು ಇದಕ್ಕೇ. ಆಕಾಶವೇನೂ ಬೀಳಲಿಲ್ಲ. ಹುಡುಗಿ ನಂಬದೆ ನೀರಿನಲ್ಲಿದ್ದ ಮುದುಕಿಯತ್ತ ತಿರುಗಿದಳು. "ನಿಜವಾಗ್ಲೂ ಅವರಿಗೆ ಗೊತ್ತಿಲ್ವಾ?"

"ನಂಬು ಮಗಳೇ," ಎಂದಳು ಎತೆಲ್ವಿನಾ. "ಈ ವಿಷಯದಲ್ಲಿ ಅವರ ಮಾತೇ ಮಾತು." ಬ್ರಿಹಿದಾ ಸರಿಯಾದ ದಾರಿ ಹೇಳಲು ಹುಡುಗಿಯನ್ನು ಒಳಗೆ ಕರೆದಳು, ಊಟದ ಮಾತೂ ತೆಗೆದಳು. ಎತೆಲ್ವಿನಾ ಗಂಡನ ಕಡೆ ಕೈ ಚಾಚಿದಳು. "ನೀನ್ಯಾಕೆ ದಡದಲ್ಲಿ ನಿಂತಿದ್ದೀಯ? ಬಾ ಮುದುಕ. ನೇರ ಬಾ. ದಾರಿ ತಪ್ಪೋಕೆ ಸಾಧ್ಯವೇ ಇಲ್ಲ."

ಅವನು ಷೂ ಬಿಚ್ಚಿ, ಪ್ಯಾಂಟು ಮಡಚಿ ಇಳಿದ. ನೀರು ಬೆಚ್ಚಗಿತ್ತು.