ತಿಕ್ಕಬಾರದ ಹಿತ್ತಾಳೆ

ನಮ್ಮ ಮನೆಯಲ್ಲಿ ಹಬ್ಬ ಬಂತೆಂದರೆ ಹಿತ್ತಾಳೆಗೆ ಉಳಿಗಾಲವಿಲ್ಲ. ಕೊಡ, ತಂಬಿಗೆ, ದೀಪದ ಕಂಬ, ಬಾಗಿಲ ಚಿಲಕ ಎಲ್ಲಕ್ಕೂ ಹುಣಸೆಹಣ್ಣಿನ ತಿಕ್ಕಾಟ. ನನ್ನ ಹೆಂಡತಿ ಶಾಂತವ್ವ ಬೆಳಗಿದ ತಂಬಿಗೆ ನೋಡಿಕೊಂಡು ಗಡ್ಡ ಮಾಡಿಕೊಳ್ಳಬಹುದು. (ಮಾಡಿಕೊಂಡಿದ್ದೇನೆ, ಕನ್ನಡಿ ಒಡೆದ ದಿನ.)

ಹೋದ ವರ್ಷ ಅಕ್ಕಿಆಲೂರಿನ ನಮ್ಮ ಓಣಿಗೂ ಕರೆಂಟು ಬಂತು. ಅಡುಗೆಮನೆಯ ಗೋಡೆಗೆ ಸ್ವಿಚ್ಚು ಕೂತಿತು. ಅದರ ಟೊಪ್ಪಿಗೆ ಯಾವುದರದು ಹೇಳಿ? ಹಿತ್ತಾಳೆಯದೇ!

ಈ ಸಲ ಪಂಚಮಿಯ ಹಿಂದಿನ ದಿನ ಶಾಂತವ್ವನ ಕಣ್ಣು ಅದರ ಮೇಲೆ ಬಿತ್ತು. ಒದ್ದೆ ಕೈ, ಬರಿಗಾಲು, ಶ್ರಾವಣದ ಮಳೆಗೆ ತಂಪೇರಿದ ನೆಲ. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. "ಯವ್ವಾ" ಎಂದದ್ದಷ್ಟೇ ಕೇಳಿಸಿತು. ಕೈ ಅಲ್ಲೇ ಕಚ್ಚಿಕೊಂಡಿತ್ತು, ಮೈಯೆಲ್ಲ ನಡುಗುತ್ತಿತ್ತು.

ಹೆಂಡತಿ ಹಾಗೆ ನಡುಗುವಾಗ ಗಂಡನಾದವನು ಏನು ಮಾಡುತ್ತಾನೆ? ಓಡಿಹೋಗಿ ಹಿಡಿದು ಎಳೆಯುತ್ತಾನೆ. ನಾನೂ ಓಡಿದೆ.

"ಮುಟ್ಟಬ್ಯಾಡ ತಮ್ಮಾ! ನೀನೂ ಹೋಗ್ತಿ!"

ಗದರಿದವಳು ನಮ್ಮ ಗಂಗಕ್ಕ. ಹಬ್ಬಕ್ಕೆಂದು ಹಿರೇಬೆಂಡಿಗೇರಿಯಿಂದ ತವರಿಗೆ ಬಂದಿದ್ದ ಅಕ್ಕ, ಮಣೆಯ ಮೇಲೆ ಕೂತು ಕರ್ಚಿಕಾಯಿಗೆ ಲಟ್ಟಿಸುತ್ತಿದ್ದಳು. ಆ ಒಣ ಮಣೆಯನ್ನೇ ಗೋಡೆಯ ಹತ್ತಿರ ನೂಕಿ, ಮೇಲೆ ಹತ್ತಿ ನಿಂತು, ಕಟ್ಟಿಗೆಯ ಲಟ್ಟಣಿಗೆಯಿಂದ ಶಾಂತವ್ವನ ಕೈಗೆ ಒಂದು ಏಟು ಹಾಕಿದಳು. ಕೈ ಬಿಟ್ಟಿತು. ಹಸಿರು ಬಳೆಗಳು ಚೂರಾದವು. "ಮೊದಲ ಮೇನ್ ತಗಿಯೋ!" ಎಂದಳು ನನಗೆ. ಓಡಿಹೋಗಿ ಮೇನ್ ಸ್ವಿಚ್ಚು ಆರಿಸಿದೆ.

ನೆಲಕ್ಕೆ ಬಿದ್ದಿದ್ದ ಶಾಂತವ್ವ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ಬರಿಗೈ ನೋಡಿ ಅಳತೊಡಗಿದಳು. ಹಬ್ಬ ಎದುರಿಗಿರುವಾಗ ಮುತ್ತೈದೆಯ ಬಳೆ ಒಡೆಯುವುದೇ?

"ಅಕ್ಕಾರ, ಬಳಿ ಒಡದೂವಲ್ರಿ..."

"ಬಳಿ ನಾಳೆ ಇಟ್ಕೊಳ್ಳಾಕ ಬರ್ತೈತಿ. ನಿನ್ನ ಎಲ್ಲಿಂದ ತರೂದು?" ಅಂದ ಅಕ್ಕನ ಕಣ್ಣಲ್ಲೂ ನೀರಿತ್ತು.

ಅಕ್ಕನ ಮನೆಯಲ್ಲಿ ಇನ್ನೂ ಕಂದೀಲು. ಮತ್ತೆ ಇದೆಲ್ಲ ಅವಳಿಗೆ ಹೇಗೆ ಗೊತ್ತು? ಹೋದ ವರ್ಷ ನಮ್ಮಲ್ಲಿ ವಾಯರಿಂಗ್ ನಡೆದಾಗ ಅವಳೂ ಇದ್ದಳು. ನಾವೆಲ್ಲ ಬಲ್ಬು ಯಾವಾಗ ಹತ್ತೀತು ಎಂದು ಬಾಯಿ ತೆರೆದು ನಿಂತಿದ್ದರೆ, ಅಕ್ಕ ಮಾತ್ರ ವಾಯರ್‌ಮನ್ನನ ಬೆನ್ನು ಹತ್ತಿದ್ದಳು. "ಯಾರಿಗರ ಕರೆಂಟ ಹಿಡಕೊಂಡ್ರ ಬಿಡಸೂದು ಹೆಂಗ್ರಿ?"

"ನಿಮ್ಮೂರಾಗ ಕರೆಂಟ ಇಲ್ಲಲ್ಲ, ನಿನಗ್ಯಾಕಬೇ ಆ ಚಿಂತಿ?" ಎಂದು ನಾನು ಚೇಷ್ಟೆ ಮಾಡಿದ್ದೆ.

"ಊರಾಗ ಇಲ್ಲ ಖರೆ. ತವರಾಗ ಐತೆಲ್ಲ!"

ತವರು ತಣ್ಣಗಿರಲಿ ಎಂದು ಎಲ್ಲ ಹೆಣ್ಣುಮಕ್ಕಳೂ ಹರಸುತ್ತಾರೆ. ಅದಕ್ಕಾಗಿ ವಾಯರ್‌ಮನ್ನನ ತಲೆ ತಿಂದವಳು ನನ್ನ ಅಕ್ಕ ಒಬ್ಬಳೇ ಇರಬೇಕು. ಇಂಥವಳ ತಮ್ಮ ನಾನು ಎಂಬ ಹೆಮ್ಮೆಯನ್ನು ಅವಳೆದುರು ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. (ಊರಿಗೆ ಹೊರಟವಳು ಸುಮ್ಮನೆ ಹೋದಳೇ? ಲೈಟಿನ ಕಂಬವನ್ನು ನೆಲಕ್ಕೆ ಬಿಗಿದ ತಂತಿಗೆ ಎದುರು ಮನೆಯವರು ಕಟ್ಟಿದ್ದ ಎಮ್ಮೆಯನ್ನು ಬಿಚ್ಚಿಸಿಯೇ ಬಸ್ಸು ಹತ್ತಿದಳು.)

ಈಗ ದೀಪಾವಳಿ. ಕೊಡ, ತಂಬಿಗೆ ಎಲ್ಲ ಬೆಳಗಿ ಆಗಿದೆ. ವಾಯರ್‌ಮನ್ ಬಂದು ರಿಪೇರಿ ಮಾಡಿಹೋದ ಸ್ವಿಚ್ಚು ಮಾತ್ರ ಕಪ್ಪಾಗಿ ಕೂತಿದೆ. "ಇದೊಂದ ಯಾಕ ಬಿಟ್ಟೀರಿ?" ಎಂದು ನೆರೆಮನೆಯವರು ಕೇಳಿದರೆ, ಶಾಂತವ್ವ ಬಳೆ ತುಂಬಿದ ಕೈ ತೋರಿಸಿ ನಗುತ್ತಾಳೆ.

ಅಂದಹಾಗೆ, ನಿಮ್ಮ ಮನೆಯ ಸ್ವಿಚ್ಚು ಫಳಫಳ ಹೊಳೆಯುತ್ತಿದೆಯೇ?