ಬೂದಿ ಕಾವಲಿನ ಎವಾರಿಸ್ತೊ

"ಇವತ್ತು ಎಷ್ಟು?"

ಸಂಜೆ ಹೊತ್ತು ಎವಾರಿಸ್ತೊ ಕಯುನ್ ನನ್ನ ರೇಡಿಯೊ ಕೋಣೆಯ ಬಾಗಿಲಿಗೊರಗಿ ಹೀಗೆ ಕೇಳಿದರೆ, ಎಷ್ಟು ಕಾಡು ಸುಟ್ಟಿತು ಎಂದಾಗಲಿ ಎಷ್ಟು ಟ್ಯಾಂಕು ನೀರು ಖರ್ಚಾಯಿತು ಎಂದಾಗಲಿ ಅರ್ಥವಲ್ಲ. ನಮ್ಮ ಮುಖ್ಯಸ್ಥ ಕಿಂತಾನ ಆ ದಿನ ರೇಡಿಯೊದಲ್ಲಿ ಇನ್ನೊಂದು ಲಾರಿಯ ಮುಂದಾಳು ಮಾರಿಸೆಲ್‌ಗೆ ಎಷ್ಟು ಸಲ ಶಭಾಷ್ ಹೇಳಿದರು ಎಂದು ಅರ್ಥ.

"ಎರಡು," ಅಂದೆ. ನಿಜವಾಗಿ ಐದು. ಹನ್ನೊಂದು ವರ್ಷ ಸನ್ಯಾಸಿನಿಯರ ಶಾಲೆಯಲ್ಲಿ ಓದಿದವಳು ನಾನು. ಸುಳ್ಳು ಹೇಳಬಾರದೆಂದು ಅವರು ಕಲಿಸಿದರು. ನಿಜವನ್ನು ಸ್ವಲ್ಪ ಸ್ವಲ್ಪವೇ ಹೇಳುವುದನ್ನು ನಾವೇ ಕಲಿತೆವು.

"ನಂಗೆ?"

"ಒಂದು. ಬೆಳಗ್ಗೆ 'ಎವಾರಿಸ್ತೊ, ಬಂದ್ಯಾ? ಒಳ್ಳೇದು' ಅಂದ್ರಲ್ಲ."

"ಅದು ಶಭಾಷ್ ಅಲ್ಲ ಕಣಮ್ಮ ಎಲ್ವಿರ. ಅದು ಹಾಜರಿ."

ಪೆಟಗೋನಿಯದ ಈ ಕಣಿವೆಯಲ್ಲಿ ಕಾಡ್ಗಿಚ್ಚು ಆರಿಸುವ ನಮ್ಮ ಬ್ರಿಗೇಡಿಗೆ ಎವಾರಿಸ್ತೊ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಅದರಲ್ಲಿ ಹದಿನೆಂಟು ವರ್ಷ ಅವನು ನೀರಿನ ಲಾರಿಯ ತಂಡಕ್ಕೆ ಮುಂದಾಳು. ಆ ಲಾರಿಗೆ ಗೋರ್ದ ಎಂದು ಹೆಸರು, ದಢೂತಿ ಎಂದು ಅರ್ಥ. ಮೈಗೆ ಮೂರು ಸಲ ಬಣ್ಣ ಕಂಡವಳು. ಎಡಬಾಗಿಲು ಹಗ್ಗದ ಕೃಪೆಯಿಂದ ನಿಂತಿತ್ತು. ಏರು ಬಂದರೆ ಉಬ್ಬಸ. ಆದರೂ ಚಾಲಕ ತೀತೊ ಅವಳ ವಯಸ್ಸಿನ ಮಾತೆತ್ತಿದರೆ ಎವಾರಿಸ್ತೊ ಬಾನೆಟ್ಟಿನ ಮೇಲೆ ಕೈಯಿಟ್ಟು "ಅವಳ ಮುಂದೆ ಬೇಡ" ಎನ್ನುತ್ತಿದ್ದ.

ಹೀಗಿರುವಾಗ ಒಂದು ವಸಂತದಲ್ಲಿ ಹೊಸ ಲಾರಿ ಬಂತು. ಕೀಲಿ ಎವಾರಿಸ್ತೊನ ಕೈಗೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವನಂತೂ ಕ್ಷೌರ ಮಾಡಿಸಿಕೊಂಡೇ ಬಂದಿದ್ದ. ಕಿಂತಾನ ಕೀಲಿಯನ್ನು ಮಾರಿಸೆಲ್ ಓಯಾರ್ಸೊಗೆ ಕೊಟ್ಟರು. ಹನ್ನೆರಡು ವರ್ಷದ ಹಿಂದೆ ಎವಾರಿಸ್ತೊನ ಬಳಿಯೇ ಪೈಪು ಸುತ್ತುವುದನ್ನು ಕಲಿತಿದ್ದ ಹೆಂಗಸು ಅವಳು.

"ನಂಗೇನೂ ಬೇಜಾರಿಲ್ಲ," ಎಂದು ಎವಾರಿಸ್ತೊ ಕೇಳಿದವರಿಗೂ ಕೇಳದವರಿಗೂ ಹೇಳಿದ. ಬೇಜಾರಿಲ್ಲದ ಆ ಮನುಷ್ಯ ಅಂದಿನಿಂದ ಗೋರ್ದಳನ್ನು ಹೊಸ ಲಾರಿಗೆ ಬೆನ್ನು ತಿರುಗಿಸಿ ನಿಲ್ಲಿಸತೊಡಗಿದ.

"ಅದ್ರಲ್ಲಿ ಹೀಟರ್ ಇದ್ಯಂತೆ ಡಾನ್," ಎಂದ ತೀತೊ. ಚಿತಾವಣೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ಡಾನ್ ಎಂದರೆ ನಮ್ಮಲ್ಲಿ ಹಿರಿಯರನ್ನು ಮರ್ಯಾದೆಯಿಂದ ಕರೆಯುವ ರೀತಿ.

"ಬೆಂಕಿ ಹತ್ರ ಹೋಗೋರಿಗೆ ಹೀಟರ್ ಯಾಕಯ್ಯ?"

"ಸೀಟೂ ಮೆತ್ತಗಿದ್ಯಂತೆ."

"ಟಿಕೆಟ್ ಕೊಡೋನೊಬ್ಬ ಕಮ್ಮಿ ಅದಕ್ಕೆ. ಹೋಗು, ನೀನೇ ಹೋಗಿ ಕೂತ್ಕೊ."

ಕಾಡ್ಗಿಚ್ಚಿಗೆ ನಮ್ಮಲ್ಲಿ ಲಾರಿಯಿದೆ, ಹೆಲಿಕಾಪ್ಟರಿದೆ. ಹೊಟ್ಟೆಕಿಚ್ಚಿಗೆ ಇರುವುದು ಮಾತೆಯೊಂದೇ. ಕಾನ್ವೆಂಟಿನಲ್ಲಿ ನಮಗೆ ಮಾತೆ ಒಬ್ಬಳೇ, ಗೋಡೆಯ ಮೇಲಿದ್ದಳು. ಬ್ರಿಗೇಡಿನಲ್ಲಿ ಮಾತೆ ಎಂದರೆ ಸೋರೆಬುರುಡೆಯಲ್ಲಿ ಕಹಿ ಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಕೊಳವೆಯಲ್ಲಿ ಹೀರುವಂಥದ್ದು; ದಿನಕ್ಕೆ ಇಪ್ಪತ್ತು ಸಲ ಕೈಯಿಂದ ಕೈಗೆ ಸುತ್ತುತ್ತದೆ. ನೀರು ಹೊಯ್ದು ಕೊಡುವವನು ಒಬ್ಬನೇ. ಬುರುಡೆ ಹಿಂದಿರುಗಿಸುವಾಗ ಸುಮ್ಮನಿದ್ದರೆ ಮತ್ತೊಂದು ಸುತ್ತು ಬರುತ್ತದೆ. ಸಾಕಾದವರು ಮಾತ್ರ ಗ್ರಾಸಿಯಾಸ್ ಎನ್ನಬೇಕು. ಹೊಸಬರು ಮರ್ಯಾದೆಗೆಂದು ಮೊದಲ ಸುತ್ತಿಗೇ ಧನ್ಯವಾದ ಹೇಳಿ ದಿನವಿಡೀ ಬಾಯಿ ಒಣಗಿಸಿಕೊಂಡು ಕೂರುತ್ತಾರೆ.

ಈ ಹೊಯ್ದು ಕೊಡುವ ಕೆಲಸ ನಮ್ಮಲ್ಲಿ ಗೌರವವಲ್ಲ, ಶಿಕ್ಷೆ. ಬೆಂಕಿ ಕಣ್ಣಿಗೆ ಕಾಣದಂತಾದ ಮೇಲೆ ನಾವು ಬೂದಿ ಕಾವಲು ಶುರುಮಾಡುತ್ತೇವೆ. ಸುಟ್ಟ ಗುಡ್ಡವನ್ನು ಕೆಂಪು ಪಟ್ಟಿ ಕಟ್ಟಿ ಪಾಲು ಮಾಡುತ್ತೇವೆ. ಪ್ರತಿ ಮುಂದಾಳು ತನ್ನ ಪಾಲಿನ ಬೊಡ್ಡೆ, ಬೇರು, ಬೂದಿ ಎಲ್ಲವನ್ನೂ ಮುಟ್ಟಿ ನೋಡಿ, ತಣ್ಣಗಾಯಿತೆಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಸಹಿಯಾದ ಪಾಲಿನಲ್ಲಿ ಮತ್ತೆ ಹೊಗೆ ಎದ್ದರೆ ಆ ಮುಂದಾಳು ಮುಂದಿನ ಬೇಸಿಗೆ ಪೂರ್ತಿ ಎಲ್ಲರಿಗೂ ಮಾತೆ ಹೊಯ್ಯಬೇಕು. ಆ ವರ್ಷ ಹೊಯ್ಯುತ್ತಿದ್ದವನು ಬಾಮೊಂದೆ, ಹಿಂದಿನ ಬೇಸಿಗೆಯಲ್ಲಿ ಸಿಕ್ಕಿಬಿದ್ದವನು. ಬೆಂಕಿಗೆ ಹೆದರದವರೂ ಆ ಕೆಟಲಿಗೆ ಹೆದರುತ್ತಾರೆ.

ಫೆಬ್ರವರಿಯಲ್ಲಿ ಕೆಂಪುಗುಡ್ಡ ಹತ್ತಿಕೊಂಡಿತು. ಒಂಬತ್ತು ದಿನ ಬಡಿದಾಡಿ ಅದನ್ನು ಮಲಗಿಸಿದ್ದಾಯಿತು. ಬೂದಿ ಕಾವಲಿನ ಮೊದಲ ಬೆಳಿಗ್ಗೆ ಕಿಂತಾನ ಎವಾರಿಸ್ತೊ, ಮಾರಿಸೆಲ್ ಇಬ್ಬರನ್ನೂ ಕರೆದರು.

"ಈಸ್ಟರಿಗೆ ನಾನು ಮನೆಗೆ. ನನ್ನ ಕುರ್ಚಿಗೆ ನಿಮ್ಮಿಬ್ರಲ್ಲಿ ಒಬ್ರ ಹೆಸರು ಬರೀಬೇಕು. ಈ ಗುಡ್ಡ ಹೆಂಗೆ ತಣ್ಣಗಾಗುತ್ತೋ ನೋಡಿ ಬರೀತೀನಿ."

ಮೂರನೇ ಪಾಲು ಎವಾರಿಸ್ತೊನದು, ಅದರ ಮೇಲಿನ ನಾಲ್ಕನೆಯದು ಮಾರಿಸೆಲ್‌ಳದು. ಬೂದಿ ಮುಟ್ಟುವುದನ್ನು ಅವಳಿಗೆ ಕಲಿಸಿದವನೂ ಅವನೇ. "ಅಂಗೈನ ನಂಬಬೇಡ. ಸಲಿಕೆ ಹಿಡಿದು ಹಿಡಿದು ಅದು ದಡ್ಡುಗಟ್ಟಿದೆ, ಸುಳ್ಳು ಹೇಳುತ್ತೆ. ಗ್ಲೌಸ್ ತೆಗ್ದು ಹಿಂಗೈ ಇಟ್ಟು ಕೇಳು," ಎಂದು ಹೇಳಿಕೊಟ್ಟಿದ್ದ.

ಬುಧವಾರ ಬೆಳಿಗ್ಗೆ ಮಾರಿಸೆಲ್ ಸಹಿ ಹಾಕಿದಳು. ಮಧ್ಯಾಹ್ನ ಮೂರಕ್ಕೆ ಎವಾರಿಸ್ತೊ ತನ್ನ ಪಾಲಿನ ಮೇಲಂಚಿಗೆ ಬಂದ. ಪಟ್ಟಿಯ ಆಚೆ ಮೂರು ಹೆಜ್ಜೆ ದೂರದಲ್ಲಿ, ಅವಳ ಪಾಲಿನಲ್ಲಿ, ಹಳೆಯ ಕೊಯಿವೆ ಮರದ ಬೊಡ್ಡೆಯೊಂದು ಕರಕಲಾಗಿ ಕೂತಿತ್ತು. ತಪ್ಪು ಹುಡುಕುವ ಪರಿಶುದ್ಧ ಉದ್ದೇಶದಿಂದ ಅವನು ಪಟ್ಟಿ ದಾಟಿ ಬಗ್ಗಿ, ಬುಡದ ಬೂದಿಗೆ ಹಿಂಗೈ ಇಟ್ಟ. ಒಲೆಯಿಂದ ಆಗತಾನೆ ತೆಗೆದ ರೊಟ್ಟಿಯಂತೆ ಬಿಸಿಯಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಬಿಸಿ ಬೂದಿ ಮುಟ್ಟಿ ಹೊಟ್ಟೆ ಅಷ್ಟು ತಂಪಾದದ್ದು ಅದೇ ಮೊದಲು ಎಂದು ಆಮೇಲೆ ನನ್ನೆದುರು ಒಪ್ಪಿಕೊಂಡ.

"ಏನ್ ಡಾನ್ ಅಲ್ಲಿ?" ಎಂದು ತೀತೊ ಕೆಳಗಿನಿಂದ ಕೂಗಿದ.

"ಏನಿಲ್ಲ. ನಮ್ಮ ಪಟ್ಟಿ ಇಲ್ಲಿಗೆ ಮುಗೀತು."

ಇಳಿದು ಬಂದು ತನ್ನ ಪಾಲಿಗೆ ಸಹಿ ಹಾಕಿದ. ಅವಳ ಬೊಡ್ಡೆ, ಅವಳ ಸಹಿ, ಅವಳ ಕೆಟಲು ಎಂಬುದು ಅವನ ಲೆಕ್ಕಾಚಾರ.

ಸಂಜೆ ಎಂದಿನಂತೆ ನನ್ನ ಬಾಗಿಲಿಗೆ ಬಂದ. "ಎಷ್ಟು?"

"ಮೂರು."

"ಪರವಾಗಿಲ್ಲ ಬಿಡು," ಅಂದುಬಿಟ್ಟ, ನಗುತ್ತಾ! ನನಗೆ ಆಗಲೇ ಅನುಮಾನ ಬರಬೇಕಿತ್ತು.

"ನಾಳೆ ಮಧ್ಯಾಹ್ನ ಪಶ್ಚಿಮದ ಗಾಳಿ ಅಂತೆ ಡಾನ್. ಗಂಟೆಗೆ ಐವತ್ತು ಕಿಲೋಮೀಟರು."

ಅವನ ಕೈ ಬಾಗಿಲ ಚಿಲಕದ ಮೇಲೇ ನಿಂತಿತು. "ಗುಡ್ಡದಿಂದ ಯಾವ ಕಡೆಗೆ?"

"ಕೆಳಕ್ಕೆ. ಊರ ಕಡೆಗೆ."

ಅವನು ನನ್ನ ಕಿಟಕಿಯಾಚೆ ಗುಡ್ಡವನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಂಗಳದಲ್ಲಿ ಹೊಸ ಲಾರಿ ಬಂದು ನಿಂತಿತು. ಅದರ ಬಾಗಿಲು ಎಷ್ಟು ನಾಜೂಕಾಗಿ ಮುಚ್ಚಿಕೊಂಡಿತೆಂದರೆ ಸದ್ದೇ ಆಗಲಿಲ್ಲ. ಎವಾರಿಸ್ತೊ ಬಾಯಿ ಮುಚ್ಚಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಅವನ ತಂಡಕ್ಕೆ ರಜೆ. ಎಂಟಕ್ಕೇ ಅವನು ತೀತೊನನ್ನು ಎಬ್ಬಿಸಿದ್ದ.

"ರಜಾ ಅಲ್ವಾ ಡಾನ್?"

"ಗುಡ್ಡದ ಮೇಲೆ ಪೈಪು ಮರ್ತು ಬಂದಿದೀನಿ."

"ಎಲ್ಲಾ ಪೈಪೂ ಇಲ್ಲೇ ಇದೆಯಲ್ಲ."

"ಸುಮ್ನೆ ಓಡಿಸ್ತೀಯಾ?"

ಗೋರ್ದ ಏದುಸಿರು ಬಿಡುತ್ತಾ ಅರ್ಧ ಏರು ಹತ್ತಿದ್ದಳು. ಆಗ ರೇಡಿಯೊದಲ್ಲಿ ಮಾರಿಸೆಲ್‌ಳ ದನಿ ಬಂತು. ಗಾಳಿಯ ಸುದ್ದಿ ಕೇಳಿ ಅವಳೂ ಸಹಿ ಹಾಕಿದ ಜಾಗವನ್ನು ಇನ್ನೊಮ್ಮೆ ನೋಡಲು ಹೋಗಿದ್ದಳು.

"ಕೇಂದ್ರ, ಹೊಗೆ ಕಾಣ್ತಿದೆ. ನಾಲ್ಕನೇ ಪಾಲು, ನಂದೇ."

ಲಾರಿಯ ಗಾಜಿನಾಚೆ ಎವಾರಿಸ್ತೊಗೂ ಹೊಗೆ ಕಾಣಿಸುತ್ತಿತ್ತು. ಆದರೆ ಅದು ಬೊಡ್ಡೆಯಿಂದ ಏಳುತ್ತಿರಲಿಲ್ಲ. ಕೊಯಿವೆಯ ಬೇರು ಮಣ್ಣಿನೊಳಗೇ ಬೆಂಕಿಯನ್ನು ಹೊತ್ತು ಪಟ್ಟಿಯ ಅಡಿಯಲ್ಲಿ ನುಸುಳಿ ಬಂದಿತ್ತು. ಬೇರಿಗೆ ಪಟ್ಟಿಯೂ ಗೊತ್ತಿಲ್ಲ, ಸಹಿಯೂ ಗೊತ್ತಿಲ್ಲ. ಪಟ್ಟಿಯ ಆಚೆ ಬೂದಿ ಬಿಸಿಯಿದ್ದರೆ ಈಚೆ ಅಗೆದು ನೋಡಬೇಕೆಂಬುದನ್ನು ಅವನು ಬೇರೆಯವರಿಗೆ ಇಪ್ಪತ್ತು ಬೇಸಿಗೆ ಪಾಠ ಹೇಳಿದ್ದ. ನಿನ್ನೆ ಮಾತ್ರ ಖುಷಿಯಲ್ಲಿ ಮರೆತಿದ್ದ.

"ಅದು ನಮ್ಮ ಪಾಲಲ್ವೇನೋ?"

"ನಮ್ದೇ ಡಾನ್. ಪಟ್ಟಿಯಿಂದ ಈಚೆ ಹತ್ತು ಹೆಜ್ಜೆ."

"ಮತ್ತೆ ಅವಳ್ಯಾಕೆ ತನ್ದು ಅಂತಾಳೆ?"

"ನಿಮ್ಮನ್ನ ಉಳಿಸ್ತಾ ಇದಾಳೆ, ಪುಣ್ಯಾತ್ಗಿತ್ತಿ. ಸುಮ್ನಿದ್ರೆ ಕುರ್ಚಿ ನಿಮ್ದು."

ಎವಾರಿಸ್ತೊ ಕಾಲು ಫರ್ಲಾಂಗು ಆ ಹೊಗೆಯನ್ನೇ ನೋಡಿದ. ಆಮೇಲೆ ಡ್ಯಾಶ್‌ಬೋರ್ಡಿಗೆ ಗುದ್ದಿದ. "ಲಾರಿ ಅವಳಿಗೆ, ಹೀಟರ್ ಅವಳಿಗೆ, ಶಭಾಷ್ ಅವಳಿಗೆ. ಈಗ ದೊಡ್ಡತನಾನೂ ಅವಳಿಗೇನಾ! ಕೊಡು ಇಲ್ಲಿ ಮೈಕು!"

ಮುಂದಿನದನ್ನು ಇಡೀ ಕಣಿವೆ ಕೇಳಿತು.

"ಕೇಂದ್ರ, ಎವಾರಿಸ್ತೊ. ಹೊಗೆ ಮೂರನೇ ಪಾಲಲ್ಲಿದೆ. ನಂದು."

"ಡಾನ್, ಬೇರಿನ ತಲೆ ನನ್ನ ಪಾಲಲ್ಲಿದೆ. ನಂದು," ಎಂದಳು ಮಾರಿಸೆಲ್.

"ತಲೆ ಎಲ್ಲಾದ್ರೂ ಇರ್ಲಿ ಹುಡುಗಿ, ಹೊಗೆ ನಂದು!"

"ಬೊಡ್ಡೆ ಬಿಟ್ಟಿದ್ದು ನಾನು!"

"ಮೊದ್ಲು ನೀರು ಹಾಕ್ರಯ್ಯ! ಆಮೇಲೆ ಪಾಲು ಮಾಡ್ಕೊಳ್ಳಿ!" ಎಂದು ಕಿಂತಾನ ನಡುವೆ ಅರಚಿದರು.

ಎವಾರಿಸ್ತೊ ಮೈಕು ಬಿಡಲಿಲ್ಲ. "ಎಲ್ವಿರ, ಬರ್ಕೊ. ನಿನ್ನೆ ಮೂರು ಗಂಟೆಗೆ ಆ ಬೊಡ್ಡೆ ಮುಟ್ಟಿದೀನಿ. ಬಿಸಿ ಇತ್ತು. ಯಾರಿಗೂ ಹೇಳ್ಲಿಲ್ಲ."

ರೇಡಿಯೊ ಕೊರಕೊರ ಎಂದಿತು. "ಯಾಕೆ?" ಎಂದರು ಕಿಂತಾನ, ಮೆಲ್ಲಗೆ.

"ಅವಳ ಸಹಿ ಇತ್ತಲ್ಲ. ಅದಕ್ಕೆ."

ನಾನು ಬರೆದುಕೊಂಡೆ. ಆ ಪುಸ್ತಕದಲ್ಲಿ ನನ್ನ ಅಕ್ಷರ ಅಷ್ಟು ಕೆಟ್ಟದಾಗಿ ಬಿದ್ದ ಪುಟ ಇನ್ನೊಂದಿಲ್ಲ.

ಹೊಸ ಲಾರಿ ಅಗಲವಾಗಿದ್ದರಿಂದ ಎರಡು ಬಂಡೆಗಳ ನಡುವೆ ತೂರಲಿಲ್ಲ, ಮೇಲಿನ ದಾರಿಯಲ್ಲೇ ನಿಂತಿತು. ಗೋರ್ದ ತೂರಿದಳು. ಮೇಲಿಂದ ಪೈಪು ಇಳಿಸಿ ಹೊಸ ಲಾರಿಯ ನೀರನ್ನು ಗೋರ್ದಳಿಗೆ ತುಂಬಿಸುತ್ತಾ ಹೋದರು. ಒಂಬತ್ತು ಮೀಟರು ಬೇರನ್ನು ಅಗೆದು ಸೀಳಿ ಮುಳುಗಿಸಿದರು. ಹನ್ನೆರಡೂವರೆಗೆ ಗಾಳಿ ಬಂದು ಊರ ಕಡೆಗೆ ಒಯ್ದದ್ದು ಬರೀ ಒದ್ದೆ ಬೂದಿಯ ವಾಸನೆಯನ್ನು.

"ನೋಡೋ, ಮಹಾರಾಣಿ ನಮ್ಮವಳಿಗೆ ನೀರು ಕುಡಿಸ್ತಿದಾಳೆ," ಎಂದು ಎವಾರಿಸ್ತೊ ಆ ಗಡಿಬಿಡಿಯಲ್ಲೂ ತೀತೊಗೆ ಹೇಳಿದನಂತೆ.

ಕೆಲಸ ಮುಗಿದ ಮೇಲೆ ಮಾರಿಸೆಲ್ ಅವನ ಪಕ್ಕದಲ್ಲಿ ಬಂದು ಕೂತಳು. "ಅಂಗೈಲಿ ಮುಟ್ಟಿ ನೋಡ್ಬಿಟ್ಟಿದ್ದೆ ಡಾನ್. ಅವಸರ. ನೀವು ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೇಳಿದ್ರೆ ನೀನು ಒಳ್ಳೇ ಮಾತಾಡ್ತಿದ್ದೆ. ಅದು ನಂಗೆ ಇನ್ನೂ ಕಷ್ಟ."

ಈಸ್ಟರಿಗೆ ಕುರ್ಚಿ ಮಾರಿಸೆಲ್‌ಗೆ ಹೋಯಿತು. ಬೊಡ್ಡೆ ಬಿಟ್ಟವಳನ್ನು ಕ್ಷಮಿಸಬಹುದು, ಮುಟ್ಟಿ ಬಾಯಿ ಮುಚ್ಚಿಕೊಂಡವನನ್ನು ಕೂರಿಸಲಾಗದು ಎಂದರು ಕಿಂತಾನ. ಎವಾರಿಸ್ತೊ ಎದುರಾಡಲಿಲ್ಲ. ಹೊಸ ಲಾರಿ ಪಕ್ಕದ ಕಣಿವೆಯಿಂದ ಬಂದ ಇನ್ನೊಬ್ಬ ಮುಂದಾಳಿನ ಪಾಲಾಯಿತು. ಗೋರ್ದ ಈಗಲೂ ಅದಕ್ಕೆ ಬೆನ್ನು ತಿರುಗಿಸಿಯೇ ನಿಲ್ಲುತ್ತಾಳೆ.

ಮುಂದಿನ ಬೇಸಿಗೆ ಬಂತು, ಕೆಟಲು ಎವಾರಿಸ್ತೊನ ಕೈಗೆ ಬಂತು. ಬೆಂಚಿನ ತುದಿಯಲ್ಲಿ ಕೂತು ಎಲ್ಲರಿಗೂ ಹೊಯ್ದು ಕೊಡುತ್ತಾನೆ. ಉಳಿದವರು ಎರಡು ಮೂರು ಸುತ್ತಿಗೆ ಗ್ರಾಸಿಯಾಸ್ ಎಂದು ಎದ್ದು ಹೋಗುತ್ತಾರೆ. ಮಾರಿಸೆಲ್ ಮಾತ್ರ ಹೇಳುವುದಿಲ್ಲ. ಬುರುಡೆಯನ್ನು ಸುಮ್ಮನೆ ಹಿಂದಿರುಗಿಸುತ್ತಾಳೆ. ಅವನು ಸುಮ್ಮನೆ ಮತ್ತೆ ಹೊಯ್ಯುತ್ತಾನೆ.

ಮೊನ್ನೆ ಸಂಜೆ ಬಾಗಿಲಿಗೊರಗಿ ನಿಂತ.

"ಇವತ್ತು ನನ್ನ ಕೈಲಿ ಐದು ಕುಡಿದ್ಲು. ನೋಡಿದ್ಯಾ?"

"ನೋಡ್ದೆ ಡಾನ್."

ಚಿಲಕ ಸವರಿದ. "ಹೋದ ವರ್ಷ ಬಾಮೊಂದೆ ಹೊಯ್ತಿದ್ನಲ್ಲ, ಅವನ ಕೈಲಿ ಎಷ್ಟು ಕುಡೀತಿದ್ಲು?"

"ಮೂರು," ಅಂದೆ.

ನಿಜವಾಗಿ ಏಳು.